ಮಕ್ಕಳಿಗೆ ಅಡುಗೆ ಕಲಿಸುವುದು ಹೇಗೆ: ಮೊದಲು ಹದ, ಆಮೇಲೆ ತಿನಿಸು

ಶಾಲೆಯೊಂದರಲ್ಲಿ ಮೊದಲ ಸಲ ಅಡುಗೆಯ ತರಗತಿ ನಡೆಸಲು ಹೋದಾಗ ನಾನು ಹನ್ನೊಂದು ಹಂತಗಳ ಒಂದು ತಿನಿಸನ್ನು ಆರಿಸಿಕೊಂಡಿದ್ದೆ. ತರಕಾರಿಯನ್ನು ಮೊದಲೇ ಹೆಚ್ಚಿ, ಮಸಾಲೆಯನ್ನು ಅಳೆದು, ಬಣ್ಣಬಣ್ಣದ ಬಟ್ಟಲುಗಳಲ್ಲಿ ಸಾಲಾಗಿ ಜೋಡಿಸಿದ್ದೆ. ನಲವತ್ತು ನಿಮಿಷಗಳಲ್ಲಿ ಎಲ್ಲವೂ ಅಚ್ಚುಕಟ್ಟಾಗಿ ಮುಗಿಯಿತು, ತಿನಿಸೂ ರುಚಿಯಾಗಿತ್ತು. ಮುಂದಿನ ವಾರ ಏನು ಕಲಿತಿರಿ ಎಂದು ಕೇಳಿದರೆ ಮಕ್ಕಳಿಗೆ ನೆನಪಿದ್ದದ್ದು ಬಟ್ಟಲುಗಳ ಬಣ್ಣ ಮಾತ್ರ. ಅಡುಗೆ ಮಾಡಿದ್ದು ನಾನು. ಅವರು ಸುತ್ತ ನಿಂತು ನೋಡಿದ್ದರು, ಅಷ್ಟೆ.

ಆ ಸೋಲು ಕಲಿಸಿದ್ದನ್ನೇ ಇಲ್ಲಿ ವಿಸ್ತರಿಸುತ್ತಿದ್ದೇನೆ. ಮಕ್ಕಳಿಗೆ ಕಲಿಸಬೇಕಾದದ್ದು ತಿನಿಸುಗಳ ಪಟ್ಟಿಯಲ್ಲ, ಹದ. ಬೇಳೆ ಬೆಂದಿದೆಯೆಂದು ಬೆರಳಿಗೆ ಗೊತ್ತಾಗುವುದು, ಎಣ್ಣೆ ಕಾದಿದೆಯೆಂದು ಕಿವಿಗೆ ಗೊತ್ತಾಗುವುದು, ಸೊಪ್ಪು ಬಾಡಿತೆಂದು ಕಣ್ಣಿಗೆ ಗೊತ್ತಾಗುವುದು, ಉಪ್ಪು ಸಾಕೆಂದು ನಾಲಿಗೆಗೆ ಗೊತ್ತಾಗುವುದು. ಇಷ್ಟು ಮೈಗೂಡಿದ ಮಗು ಬರೆದಿಟ್ಟ ಯಾವ ವಿಧಾನವನ್ನೂ ಮುಂದೆ ತಾನೇ ಓದಿ ಮಾಡಿಕೊಳ್ಳುತ್ತದೆ. ಹದ ತಿಳಿಯದ ಮಗುವಿಗೆ ನೂರು ವಿಧಾನಗಳನ್ನು ಬರೆಸಿದರೂ ಅವು ಪುಸ್ತಕದಲ್ಲೇ ಉಳಿಯುತ್ತವೆ. ಆದ್ದರಿಂದ ಒಂದು ವರ್ಷದಲ್ಲಿ ಇಪ್ಪತ್ತು ತಿನಿಸುಗಳನ್ನು ತೋರಿಸುವ ಬದಲು ನಾಲ್ಕೈದನ್ನು ಆರಿಸಿಕೊಂಡು, ಒಂದೊಂದನ್ನೂ ಮೂರು ಮೂರು ಸಲ ಮಕ್ಕಳ ಕೈಯಿಂದಲೇ ಮಾಡಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಮೊದಲ ಸಲ ತಪ್ಪಾಗುತ್ತದೆ, ಎರಡನೆಯ ಸಲ ತಪ್ಪು ಎಲ್ಲಿ ಎಂದು ತಿಳಿಯುತ್ತದೆ, ಮೂರನೆಯ ಸಲ ಕೈ ತಾನಾಗಿ ಓಡುತ್ತದೆ.

ಆರಂಭಕ್ಕೆ ಮುನ್ನ

ಯಾವ ಪಾತ್ರೆಯನ್ನೂ ಮುಟ್ಟುವ ಮೊದಲು ಪ್ರತಿ ಮನೆಗೂ ಒಂದು ಚೀಟಿ ಕಳುಹಿಸಿ, ಮಗುವಿಗೆ ಯಾವ ಆಹಾರ ಒಗ್ಗುವುದಿಲ್ಲ, ಮನೆಯಲ್ಲಿ ಯಾವುದನ್ನು ತಿನ್ನುವುದಿಲ್ಲ ಎಂಬುದನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಬೇಕು. ನೆಲಗಡಲೆ, ಗೋಡಂಬಿ ಬಾದಾಮಿಯಂತಹ ಬೀಜಗಳು, ಹಾಲು, ಮೊಟ್ಟೆ, ಗೋಧಿ, ಸೋಯಾ, ಎಳ್ಳು, ಮೀನು, ಸೀಗಡಿ ಇವು ಹೆಚ್ಚಾಗಿ ಅಲರ್ಜಿ ತರುವ ಪದಾರ್ಥಗಳು. ತೀವ್ರ ಅಲರ್ಜಿ ಇರುವ ಮಗು ತರಗತಿಯಲ್ಲಿದ್ದರೆ ಆ ಪದಾರ್ಥವನ್ನು ಆ ಮಗುವಿನ ತಟ್ಟೆಯಿಂದ ಮಾತ್ರ ದೂರವಿಟ್ಟರೆ ಸಾಲದು, ಕೋಣೆಯೊಳಗೇ ತರಬಾರದು. ಧರ್ಮದ ಕಾರಣಕ್ಕೋ ಮನೆಯ ರೂಢಿಯ ಕಾರಣಕ್ಕೋ ಬಿಟ್ಟಿರುವ ಆಹಾರವನ್ನೂ ಅಷ್ಟೇ ಗೌರವದಿಂದ ಬದಿಗಿಡಬೇಕು. ಎಲ್ಲರೂ ಕೂತು ತಿನ್ನಬಹುದಾದ ಅಡುಗೆಗಳೇ ಬೇಕಾದಷ್ಟಿವೆ.

ಒಲೆಯ ಬಳಿ ಆರು ಮಕ್ಕಳಿಗೆ ಒಬ್ಬ ಹಿರಿಯರಾದರೂ ಇರಬೇಕು. ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ ಎಲ್ಲರಿಗೂ ಒಟ್ಟಿಗೆ ಅಡುಗೆ ಮಾಡಿಸುವ ಹಟ ಬೇಡ. ಅರ್ಧದಷ್ಟು ಮಕ್ಕಳು ಅಡುಗೆಯಲ್ಲಿ ತೊಡಗಿರುವಾಗ ಉಳಿದವರು ನಕ್ಷೆ ಬರೆಯುವುದು, ತೂಕ ಮಾಡುವುದು, ಕಾಳು ಆರಿಸುವುದು ಮುಂತಾದ ಕೆಲಸ ಮಾಡಲಿ, ಮುಂದಿನ ವಾರ ಅದಲು ಬದಲಾಗಲಿ. ಒಂದೇ ಪೀರಿಯಡ್ಡಿನಲ್ಲಿ ಅಡುಗೆ ಮುಗಿಯುವುದಿಲ್ಲ. ಎರಡನ್ನು ಜೋಡಿಸಿಕೊಂಡು ಸುಮಾರು 80 ನಿಮಿಷ ಪಡೆಯಬೇಕು. ಅದರಲ್ಲಿ ತಿನ್ನುವುದಕ್ಕೆ ಮತ್ತು ಪಾತ್ರೆ ತೊಳೆಯುವುದಕ್ಕೆ ಕಡೆಯ ಅರ್ಧ ಗಂಟೆಯನ್ನು ಮೀಸಲಿಡಬೇಕು. ಸಮಯ ಸಾಲದೆ ಬಂದಾಗ ಮೊದಲು ಕತ್ತರಿ ಬೀಳುವುದು ತೊಳೆಯುವ ಕೆಲಸಕ್ಕೆ. ಆಮೇಲೆ ಅದನ್ನು ಯಾರು ಮಾಡುತ್ತಾರೆಂಬುದು ಎಲ್ಲರಿಗೂ ಗೊತ್ತಿರುವ ವಿಚಾರ.

ವಯಸ್ಸಿನ ವಿಷಯದಲ್ಲಿ ಕಟ್ಟುನಿಟ್ಟಿನ ಗೆರೆ ಎಳೆಯಲಾಗದು. ಆರರಿಂದ ಎಂಟು ವರ್ಷದವರು ಸೊಪ್ಪು ಬಿಡಿಸುವುದು, ಬಟಾಣಿ ಸುಲಿಯುವುದು, ತೊಳೆಯುವುದು, ಹಿಟ್ಟು ಕಲಸುವುದು ಇವನ್ನು ಸಂತೋಷದಿಂದ ಮಾಡುತ್ತಾರೆ. ಒಂಬತ್ತು ಹತ್ತಕ್ಕೆ ಚಾಕು ಹಿಡಿಯಬಹುದು. ಒಲೆಯನ್ನು ಹನ್ನೆರಡರ ಆಸುಪಾಸಿನಲ್ಲಿ, ಪಕ್ಕದಲ್ಲಿ ಹಿರಿಯರು ನಿಂತಿರುವಾಗ, ಒಪ್ಪಿಸಬಹುದು. ಮನೆಯಲ್ಲಿ ಈಗಾಗಲೇ ಅಡುಗೆಗೆ ಕೈ ಹಚ್ಚುವ ಮಕ್ಕಳು ಈ ಲೆಕ್ಕವನ್ನು ಮೀರಿರುತ್ತಾರೆ. ಅಂಥವರನ್ನು ಗುರುತಿಸಿ ಗುಂಪಿಗೊಬ್ಬರಂತೆ ಹಂಚಿದರೆ ನಿಮ್ಮ ಅರ್ಧ ಭಾರ ಇಳಿಯುತ್ತದೆ. ಗಂಡುಮಕ್ಕಳಿಗೆ ಪಾತ್ರೆ ಎತ್ತುವ ಕೆಲಸ, ಹೆಣ್ಣುಮಕ್ಕಳಿಗೆ ಹೆಚ್ಚುವ ಕೆಲಸ ಎಂಬ ಹಂಚಿಕೆ ಯಾರೂ ಹೇಳದೆಯೇ ತಾನಾಗಿ ಆಗಿಬಿಡುವುದುಂಟು. ಅದನ್ನು ಮೊದಲ ದಿನವೇ ಮುರಿಯಬೇಕು.

ಮೊದಲ ತರಗತಿ ನಾಲಿಗೆಗೆ

ಮೊದಲ ದಿನ ಅಡುಗೆ ಬೇಡ, ರುಚಿ ನೋಡುವುದಷ್ಟೇ ಸಾಕು. ಸಕ್ಕರೆ ನೀರಿಗೆ ಏಲಕ್ಕಿ ಪುಡಿ ಬೆರೆಸಿ ಸೋಸಿಡಿ. ಮಕ್ಕಳು ಮೂಗನ್ನು ಗಟ್ಟಿಯಾಗಿ ಹಿಡಿದುಕೊಂಡು ಒಂದು ಚಮಚ ಬಾಯಿಗೆ ಹಾಕಿಕೊಳ್ಳಲಿ. ಆಗ ಅವರಿಗೆ ಸಿಗುವುದು ಬರಿಯ ಸಿಹಿ. ಮೂಗು ಬಿಟ್ಟೊಡನೆ ಎಲ್ಲಿಂದಲೋ ಬಂದಂತೆ ಏಲಕ್ಕಿ ಬಾಯ್ತುಂಬ ಹರಡುತ್ತದೆ. ರುಚಿ ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ವಾಸನೆಯದೆಂದೂ, ಬಾಯಿಯ ಹಿಂಬದಿಯಿಂದ ಮೂಗಿಗೆ ಏರುವ ಪರಿಮಳವೇ ಒಂದು ತಿನಿಸನ್ನು ಇನ್ನೊಂದರಿಂದ ಬೇರೆ ಮಾಡುವುದೆಂದೂ ಅರ್ಧ ಗಂಟೆ ವಿವರಿಸಿದರೂ ಇಷ್ಟು ಚೆನ್ನಾಗಿ ತಿಳಿಯದು. ನೆಗಡಿಯಾದಾಗ ಊಟ ಏಕೆ ಸಪ್ಪೆ ಎಂಬ ಪ್ರಶ್ನೆಗೆ ಉತ್ತರವನ್ನು ಮಕ್ಕಳೇ ಹೇಳುತ್ತಾರೆ.

ಎರಡನೆಯ ಪ್ರಯೋಗ ಹಳೆಯ ಪಠ್ಯಗಳಲ್ಲಿದ್ದ ನಾಲಿಗೆಯ ಚಿತ್ರವನ್ನು ಪರೀಕ್ಷಿಸುವುದು. ತುದಿಯಲ್ಲಿ ಸಿಹಿ, ಬದಿಯಲ್ಲಿ ಹುಳಿ, ಹಿಂದೆ ಕಹಿ ಎಂದು ವಿಭಾಗಿಸಿ ತೋರಿಸುತ್ತಿದ್ದ ಆ ಚಿತ್ರವು 1901ರಲ್ಲಿ ಪ್ರಕಟವಾದ ಒಂದು ಜರ್ಮನ್ ಸಂಶೋಧನೆಯನ್ನು ತಪ್ಪಾಗಿ ಅರ್ಥಮಾಡಿಕೊಂಡದ್ದರಿಂದ ಹುಟ್ಟಿತು. ನಾಲಿಗೆಯಲ್ಲಿ ರುಚಿಮೊಗ್ಗುಗಳಿರುವ ಕಡೆಗಳಲ್ಲೆಲ್ಲ ಎಲ್ಲ ರುಚಿಗಳೂ ತಿಳಿಯುತ್ತವೆ. ಹತ್ತಿ ಸುತ್ತಿದ ಕಡ್ಡಿಯನ್ನು ಉಪ್ಪುನೀರಿನಲ್ಲಿ, ನಿಂಬೆರಸದಲ್ಲಿ ಅದ್ದಿ ತಮ್ಮ ನಾಲಿಗೆಯ ಬೇರೆ ಬೇರೆ ಕಡೆ ತಾವೇ ಮುಟ್ಟಿಸಿಕೊಂಡು ನೋಡಲಿ. ಅಚ್ಚಾದದ್ದೆಲ್ಲ ನಿಜವಲ್ಲ ಎಂಬ ತಿಳಿವಳಿಕೆ ಅಡುಗೆಯ ತರಗತಿಯಿಂದ ಬಂದರೂ ನಷ್ಟವಿಲ್ಲ.

ಮೂರನೆಯದು ಮಾತು. ಮಕ್ಕಳಿಗೆ ತಿನಿಸಿನ ಬಗ್ಗೆ ಇರುವ ಪದಗಳು ಎರಡೇ: ಚೆನ್ನಾಗಿದೆ, ಚೆನ್ನಾಗಿಲ್ಲ. ನಮ್ಮ ಭಾಷೆಯಲ್ಲಿ ಸಿಹಿ, ಹುಳಿ, ಉಪ್ಪು, ಕಹಿ, ಖಾರ, ಒಗರು ಎಂದು ಆರು ರಸಗಳನ್ನು ಎಣಿಸುವ ರೂಢಿಯಿದೆ. ಶರೀರವಿಜ್ಞಾನದ ಲೆಕ್ಕ ಬೇರೆ: ಅದರ ಪ್ರಕಾರ ಖಾರವು ರುಚಿಯಲ್ಲ, ಬಿಸಿಯನ್ನೂ ನೋವನ್ನೂ ತಿಳಿಸುವ ನರಗಳನ್ನು ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕೆರಳಿಸುವುದರಿಂದ ಆಗುವ ಉರಿ, ಒಗರು ಬಾಯಿಯ ಒಳಪದರ ಬಿಗಿದುಕೊಂಡ ಅನುಭವ. ಇನ್ನೊಂದು ಕಡೆ, ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ 1908ರಲ್ಲಿ ಕಡಲಕಳೆಯ ಸಾರಿನಿಂದ ಗ್ಲುಟಮೇಟ್ ಎಂಬ ಪದಾರ್ಥವನ್ನು ಬೇರ್ಪಡಿಸಿ ಹೆಸರಿಟ್ಟ ಉಮಾಮಿ ಎಂಬ ಸಾರಿನಂತಹ ಗಾಢ ರುಚಿ ನಮ್ಮ ಆರರ ಪಟ್ಟಿಯಲ್ಲಿಲ್ಲ. ಎರಡು ಪಟ್ಟಿಗಳನ್ನೂ ಹಲಗೆಯ ಮೇಲೆ ಬರೆದು, ಯಾವುದು ಎಲ್ಲಿ ಸೇರುತ್ತದೆಂದು ಮಕ್ಕಳು ಚರ್ಚಿಸಲಿ. ಆಮೇಲೆ ಗರಿಗರಿ, ಮೆದು, ಜಿಗುಟು, ಲೋಳೆ, ಕರಕಲು, ತರಿತರಿ, ನುಣುಪು ಎಂಬ ಪದಗಳನ್ನು ಗೋಡೆಯ ಮೇಲೆ ಬೆಳೆಸುತ್ತ ಹೋಗಿ. ಪದ ಸಿಕ್ಕ ಮಗು ತಟ್ಟೆಯನ್ನು ತಳ್ಳುವ ಬದಲು, ‘ಇದು ನನಗೆ ಲೋಳೆ ಎನಿಸುತ್ತದೆ’ ಎಂದು ಹೇಳುತ್ತದೆ. ಲೋಳೆಯನ್ನು ಹುರಿದು ಕಳೆಯಬಹುದು. ‘ಚೆನ್ನಾಗಿಲ್ಲ’ ಎಂಬುದಕ್ಕೆ ಅಡುಗೆಯವರ ಬಳಿ ಉಪಾಯವಿಲ್ಲ.

ಸುತ್ತಲಿನ ಆಹಾರವನ್ನು ಗುರುತಿಸುವುದು

ಸ್ಥಳೀಯ ಆಹಾರ ಒಳ್ಳೆಯದು ಎಂದು ಘೋಷಣೆಯಂತೆ ಹೇಳಿಕೊಡಬಾರದು. ಹತ್ತಿರದಲ್ಲೇ ತಯಾರಾದ, ಎಣ್ಣೆಯಲ್ಲಿ ಮುಳುಗಿದ ಕುರುಕಲೂ ಸ್ಥಳೀಯವೇ. ಆಹಾರದಿಂದಾಗುವ ಪರಿಸರದ ಹೊರೆಯಲ್ಲಿಯೂ ಸಾಗಣೆಯ ಪಾಲು ಬಹುತೇಕ ಪದಾರ್ಥಗಳಿಗೆ ಚಿಕ್ಕದು. ಏನನ್ನು ಬೆಳೆದರು, ಹೇಗೆ ಬೆಳೆದರು ಎಂಬುದರ ಪಾಲೇ ದೊಡ್ಡದು. ಹಾಗಾದರೆ ಹತ್ತಿರದ್ದನ್ನು ಏಕೆ ಕಲಿಸಬೇಕು? ಸೊಪ್ಪಿನಂತಹ ಪದಾರ್ಥಗಳು ಕೊಯ್ದ ಗಳಿಗೆಯಿಂದಲೇ ಸಿ ಜೀವಸತ್ವವನ್ನು ಕಳೆದುಕೊಳ್ಳತೊಡಗುತ್ತವೆ, ಆದ್ದರಿಂದ ಬೇಗ ಕೈಸೇರಿದ್ದು ಮೇಲು. ಆಯಾ ಕಾಲದಲ್ಲಿ ಹೇರಳವಾಗಿ ಬರುವುದು ಅಗ್ಗವೂ ಹೌದು. ಎಲ್ಲಕ್ಕಿಂತ ಮುಖ್ಯವಾಗಿ, ಬೆಳೆದವರನ್ನು ಕಂಡು ಮಾತಾಡಿಸಬಹುದಾದ ಆಹಾರ ಅದೊಂದೇ. ಮಕ್ಕಳಿಗೆ ಈ ಕಾರಣಗಳನ್ನು ಮಿತಿಗಳ ಸಮೇತ ಹೇಳುವುದೇ ಪ್ರಾಮಾಣಿಕತೆ.

ಇದಕ್ಕೆ ಒಂದು ದೊಡ್ಡ ಹಾಳೆ ಸಾಕು. ನಡುವೆ ಶಾಲೆಯನ್ನು ಗುರುತಿಸಿ, ಸುತ್ತ ಮೂರು ವೃತ್ತ ಎಳೆಯಿರಿ: ನಡೆದು ಹೋಗಿ ತರಬಹುದಾದಷ್ಟು ದೂರ, ವಾಹನದಲ್ಲಿ ಒಂದು ಹಗಲಿನೊಳಗೆ ತರಬಹುದಾದಷ್ಟು ದೂರ, ಅದರಾಚೆಗಿನದು. ನಿನ್ನೆ ರಾತ್ರಿ ತಿಂದ ಊಟದ ಒಂದೊಂದು ಸಾಮಗ್ರಿಯನ್ನೂ ಮಕ್ಕಳು ತಮಗೆ ತೋಚಿದ ವೃತ್ತದಲ್ಲಿ ಬರೆಯಲಿ. ಬಳಿಕ ಅಂಗಡಿಯವರನ್ನೋ ತರಕಾರಿ ಮಾರುವವರನ್ನೋ ಕೇಳಿಕೊಂಡು ಬಂದು ತಿದ್ದಲಿ. ಎಣ್ಣೆ ಮತ್ತು ಸಕ್ಕರೆಯ ವಿಷಯದಲ್ಲಿ ಬಹಳ ತಿದ್ದುಪಡಿ ಬೇಕಾಗುತ್ತದೆ. ದೂರದಿಂದ ಬಂದದ್ದೆಂದು ಭಾವಿಸಿದ್ದು ಪಕ್ಕದ ಹೊಲದ್ದಾಗಿರುವುದೂ ಉಂಟು. ಇದೇ ನಕ್ಷೆಯ ಮೇಲೆ ಕಾಲದ ಆಯಾಮವನ್ನೂ ಸೇರಿಸಬಹುದು. ಟೊಮೇಟೊ, ಆಲೂಗಡ್ಡೆ, ಮೆಣಸಿನಕಾಯಿ, ಮುಸುಕಿನ ಜೋಳ, ನೆಲಗಡಲೆ, ಗೋಡಂಬಿ ಇವೆಲ್ಲ ಅಮೆರಿಕ ಖಂಡಗಳ ಮೂಲದವು. 1492ರಲ್ಲಿ ಕೊಲಂಬಸ್‌ನ ಹಡಗುಗಳು ಅಟ್ಲಾಂಟಿಕ್ ದಾಟಿದ ಮೇಲೆ ಉಳಿದ ಜಗತ್ತಿಗೆ ಹರಡಿದವು. ಇಂದು ಎಷ್ಟೋ ನಾಡುಗಳು ಇವನ್ನು ತಮ್ಮದೇ ಎಂದು ಭಾವಿಸುತ್ತವೆ, ಭಾವಿಸಲಿ. ‘ನಮ್ಮದು’ ಆಗುವುದಕ್ಕೆ ಎಷ್ಟು ವರ್ಷ ಬೇಕು ಎಂದು ಕೇಳಿದರೆ ಏಳನೆಯ ತರಗತಿಯ ಮಕ್ಕಳು ಒಂದಿಡೀ ಪೀರಿಯಡ್ ವಾದಿಸಬಲ್ಲರು.

ಪಕ್ಕದಲ್ಲಿ ಹನ್ನೆರಡು ಮನೆಗಳ ಒಂದು ಚಕ್ರ ಬರೆದು ತಿಂಗಳ ಹೆಸರು ಬರೆಯಿರಿ. ಯಾವ ತಿಂಗಳಲ್ಲಿ ಯಾವ ಹಣ್ಣು, ಕಾಯಿ, ಸೊಪ್ಪು ಮಾರುಕಟ್ಟೆಗೆ ರಾಶಿಯಾಗಿ ಬಂತು ಎಂಬುದನ್ನು ಮಕ್ಕಳು ಕಂಡಂತೆ ತುಂಬುತ್ತ ಹೋಗಬೇಕು. ಅಂತರ್ಜಾಲದಿಂದ ಇಳಿಸಿಕೊಂಡ ಪಟ್ಟಿ ಬೇಡ. ಮೊದಲ ವರ್ಷ ಚಕ್ರ ಅರೆಬರೆಯಾಗಿಯೇ ಇರುತ್ತದೆ. ಮುಂದಿನ ವರ್ಷದ ಮಕ್ಕಳಿಗೆ ಅದೇ ಬಂಡವಾಳ, ನಿಮ್ಮ ಅಡುಗೆಗಳ ವೇಳಾಪಟ್ಟಿಗೂ ಅದೇ ಆಧಾರ.

ಇನ್ನೊಂದು ಮನೆಗೆಲಸ: ಪ್ರತಿ ಮಗುವೂ ಒಬ್ಬ ಹಿರಿಯರನ್ನು ಕಂಡು, ಅವರು ಚಿಕ್ಕಂದಿನಲ್ಲಿ ತಿನ್ನುತ್ತಿದ್ದ, ಈಗ ಮನೆಯಲ್ಲಿ ಮಾಡದ ಒಂದು ತಿನಿಸನ್ನು ಕೇಳಿ ಬರೆದುಕೊಂಡು ಬರಲಿ. ಏನು ಎಂಬುದಕ್ಕಿಂತ ಏಕೆ ನಿಂತಿತು ಎಂಬುದು ಮುಖ್ಯ. ಕಾಳು ಸಿಗುವುದಿಲ್ಲ, ರುಬ್ಬಲು ಪುರುಸೊತ್ತಿಲ್ಲ, ಸೌದೆ ಒಲೆ ಹೋಯಿತು, ಮಾಡುತ್ತಿದ್ದವರು ತೀರಿಕೊಂಡರು, ಬಡವರ ಊಟವೆಂದು ನಾಚಿಕೆಯಾಯಿತು: ಒಂದೊಂದು ಕಾರಣವೂ ಒಂದೊಂದು ಪಾಠ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2019ರ ವರದಿಯ ಪ್ರಕಾರ, ಆಹಾರಕ್ಕಾಗಿ ಬೆಳೆಸಲಾಗಿರುವ ಸುಮಾರು 6,000 ಸಸ್ಯ ಪ್ರಭೇದಗಳಲ್ಲಿ ಕೇವಲ ಒಂಬತ್ತು ಪ್ರಭೇದಗಳು ಒಟ್ಟು ಬೆಳೆ ಉತ್ಪಾದನೆಯ 66 ಶೇಕಡಾ ಭಾಗವನ್ನು ಒದಗಿಸುತ್ತವೆ. ಈ ಸಂಖ್ಯೆಯನ್ನು ಮೊದಲೇ ಹೇಳಿದರೆ ಮಕ್ಕಳಿಗೆ ಅದು ಬರಿಯ ಸಂಖ್ಯೆ. ಹಿರಿಯರು ಹೇಳಿದ ಮೂವತ್ತು ಕಣ್ಮರೆಯಾದ ತಿನಿಸುಗಳ ಪಟ್ಟಿ ಗೋಡೆಗೆ ಏರಿದ ಮೇಲೆ ಹೇಳಿ.

ಚಾಕು

ಮೊಂಡು ಚಾಕುವೇ ಅಪಾಯಕಾರಿ. ಅದು ಜಾರುತ್ತದೆ, ಜಾರಿದಾಗ ಹಿಂದಿನ ಬಲವೆಲ್ಲ ಬೆರಳಿನ ಮೇಲೆ ಬೀಳುತ್ತದೆ. ಆದ್ದರಿಂದ ಮಕ್ಕಳ ಕೈಗೆ ಹತ್ತು ಹನ್ನೆರಡು ಸೆಂಟಿಮೀಟರ್ ಅಲಗಿನ, ಸರಿಯಾಗಿ ಹರಿತವಾಗಿರುವ ಚಿಕ್ಕ ಚಾಕುವನ್ನೇ ಕೊಡಬೇಕು. ಹಲಗೆಯ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಅದು ಅಲುಗಾಡದು. ಹಿಡಿತಗಳು ಎರಡು. ಹೆಬ್ಬೆರಳು ಒಂದು ಬದಿ, ಉಳಿದ ಬೆರಳುಗಳು ಇನ್ನೊಂದು ಬದಿ ಇಟ್ಟು ಕಮಾನು ಮಾಡಿ, ಆ ಕಮಾನಿನ ಕೆಳಗೆ ಚಾಕುವನ್ನು ತೂರಿಸಿ ಕಾಯಿಯನ್ನು ಎರಡು ಹೋಳು ಮಾಡುವುದು ಸೇತುವೆಯ ಹಿಡಿತ. ಹೋಳನ್ನು ಚಪ್ಪಟೆ ಭಾಗ ಕೆಳಗಾಗುವಂತೆ ಮಗುಚಿ, ಬೆರಳತುದಿಗಳನ್ನು ಬೆಕ್ಕಿನ ಪಂಜದಂತೆ ಒಳಕ್ಕೆ ಮಡಚಿ, ಗೆಣ್ಣಿನ ಆಸರೆಯಲ್ಲಿ ಹೆಚ್ಚುವುದು ಪಂಜದ ಹಿಡಿತ. ಉರುಳುವ ವಸ್ತುವನ್ನು ಮೊದಲು ಚಪ್ಪಟೆ ಮಾಡಿಕೊಳ್ಳಬೇಕೆಂಬ ಒಂದು ನಿಯಮ ಅರ್ಧಕ್ಕರ್ಧ ಗಾಯಗಳನ್ನು ತಪ್ಪಿಸುತ್ತದೆ ಎಂದು ನನ್ನ ಅನಿಸಿಕೆ.

ಸೌತೆಕಾಯಿಯಿಂದ ಆರಂಭಿಸಿ. ಕ್ಯಾರೆಟ್ ಗಟ್ಟಿ, ಅದು ಆಮೇಲೆ. ಈರುಳ್ಳಿ ಇನ್ನೂ ಆಮೇಲೆ, ಏಕೆಂದರೆ ಕಣ್ಣಲ್ಲಿ ನೀರು ತುಂಬಿದ ಮಗು ಚಾಕುವನ್ನು ನೋಡಲಾರದು. ಕೊಯ್ದಾಗ ಒಡೆದ ಜೀವಕೋಶಗಳಿಂದ ಹೊರಡುವ ಗಂಧಕಯುಕ್ತ ಆವಿಯೇ ಆ ಉರಿಗೆ ಕಾರಣ. ಹರಿತ ಚಾಕು ಕಡಿಮೆ ಜೀವಕೋಶಗಳನ್ನು ಜಜ್ಜುವುದರಿಂದ ಕಡಿಮೆ ಅಳಿಸುತ್ತದೆ. ಇಲ್ಲಿ ಹಿರಿಯರು ಮಾಡುವ ದೊಡ್ಡ ತಪ್ಪೆಂದರೆ, ತುಂಡುಗಳು ಸಮನಾಗಿಲ್ಲವೆಂದು ಚಾಕುವನ್ನು ಕಸಿದುಕೊಂಡು ತಾವೇ ಹೆಚ್ಚಿಬಿಡುವುದು. ನಿಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಿ. ದಪ್ಪ ತುಂಡು ಬೇಯದೆ ಉಳಿದದ್ದನ್ನು ಮಗು ಬಾಯಲ್ಲಿ ಕಂಡುಕೊಂಡ ದಿನ, ಸಮನಾಗಿ ಏಕೆ ಹೆಚ್ಚಬೇಕೆಂದು ಹೇಳುವ ಅಗತ್ಯವೇ ಉಳಿಯುವುದಿಲ್ಲ.

ಬೆಂಕಿ ಇಲ್ಲದೆ ಕಲಿಯುವುದು

ಶಾಲೆಯಲ್ಲಿ ಒಲೆ ಇಲ್ಲವೆಂದು ಕೈಬಿಡಬೇಕಾಗಿಲ್ಲ. ಹೆಸರುಕಾಳನ್ನು ರಾತ್ರಿಯಿಡೀ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಒಂದೆರಡು ದಿನಗಳಲ್ಲಿ ಮೊಳಕೆ ಬರುತ್ತದೆ. ಒಣಗಿದ ಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿರುವ ಸಿ ಜೀವಸತ್ವ ಮೊಳೆಯುವಾಗ ಹೆಚ್ಚುತ್ತದೆ. ಪ್ರತಿ ದಿನ ತೂಕ ಮಾಡಿ ಬರೆದಿಟ್ಟರೆ ಗಣಿತದ ಪಾಠವೂ ಆಗುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಮೊಳಕೆ ಬರಿಸುವ ಬೆಚ್ಚಗಿನ ತೇವ ರೋಗಾಣುಗಳಿಗೂ ಹಿತವಾದದ್ದರಿಂದ, ಮಕ್ಕಳಿಗೆ ಹಸಿ ಮೊಳಕೆಯನ್ನು ಕೊಡದೆ ಹಬೆಯಲ್ಲಿ ಚೆನ್ನಾಗಿ ಬೇಯಿಸಿ ಕೊಡಬೇಕು.

ಹದ ಎಂಬುದನ್ನು ತೋರಿಸಲು ಹೆಪ್ಪು ಹಾಕುವುದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಂಡಿಲ್ಲ. ಕಾಯಿಸಿದ ಹಾಲನ್ನು ನಾಲ್ಕು ಲೋಟಗಳಲ್ಲಿ ತೆಗೆದುಕೊಳ್ಳಿ. ಒಂದಕ್ಕೆ ಹಾಲು ಸುಡುವಷ್ಟು ಬಿಸಿಯಿರುವಾಗಲೇ ಒಂದು ಚಮಚ ಮೊಸರು ಬೆರೆಸಿ. ಎರಡನೆಯದಕ್ಕೆ ಹಾಲು ಉಗುರುಬೆಚ್ಚಗಾದಾಗ, ಅಂದರೆ 40ರಿಂದ 45 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ, ಬೆರೆಸಿ. ಮೂರನೆಯದನ್ನು ತಣ್ಣಗೆ ಮಾಡಿ, ಬೆರೆಸಿ, ಫ್ರಿಜ್ಜಿನಲ್ಲಿಡಿ. ನಾಲ್ಕನೆಯದಕ್ಕೆ ಮೊಸರನ್ನೇ ಹಾಕದೆ ಎರಡನೆಯದರ ಪಕ್ಕದಲ್ಲಿಡಿ. ಆರೇಳು ಗಂಟೆ ಕಳೆದ ಮೇಲೆ ಎರಡನೆಯ ಲೋಟ ಮಾತ್ರ ಗಟ್ಟಿಯಾಗಿ ಹೆಪ್ಪುಗಟ್ಟಿರುತ್ತದೆ. ಮೊಸರಿನ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ, ಆ ಹುಳಿಗೆ ಹಾಲಿನ ಪ್ರೋಟೀನು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಅತಿ ಬಿಸಿಗೆ ಅವು ಸಾಯುತ್ತವೆ, ಚಳಿಗೆ ಮಂಕಾಗುತ್ತವೆ. ಮೂರನೆಯ ಲೋಟವನ್ನು ಹೊರತೆಗೆದು ಬೆಚ್ಚಗಿಟ್ಟರೆ ಅದೂ ತಡವಾಗಿ ಹೆಪ್ಪಾಗುತ್ತದೆ, ಮೊದಲನೆಯದು ಆಗುವುದಿಲ್ಲ. ಸತ್ತದ್ದಕ್ಕೂ ಮಲಗಿದ್ದಕ್ಕೂ ಇರುವ ವ್ಯತ್ಯಾಸ ಮಕ್ಕಳಿಗೆ ಅಲ್ಲಿ ಕಣ್ಣಾರೆ ಸಿಗುತ್ತದೆ. ಹೊರಗೆ ಉಳಿದ ಮೊದಲನೆಯ ಮತ್ತು ನಾಲ್ಕನೆಯ ಲೋಟದ ಹಾಲನ್ನು ಯಾರೂ ಕುಡಿಯಬಾರದು.

ಒಲೆ ಹಚ್ಚಿದ ಮೇಲೆ

ಬೆಂಕಿಯ ಬಳಿಯ ನಿಯಮಗಳು ಕೆಲವೇ ಇರಲಿ, ಆದರೆ ಅವಕ್ಕೆ ವಿನಾಯಿತಿ ಇರಬಾರದು. ಕೂದಲು ಕಟ್ಟಿರಬೇಕು, ತೋಳು ಮಡಚಿರಬೇಕು, ಹತ್ತಿಯ ಬಟ್ಟೆಯಾದರೆ ಉತ್ತಮ. ಬಾಣಲೆಯ ಹಿಡಿ ಒಲೆಯ ಅಂಚಿನಿಂದ ಹೊರಚಾಚಬಾರದು. ಮುಚ್ಚಳವನ್ನು ತನ್ನ ಮುಖದ ಕಡೆಗಲ್ಲ, ಆಚೆ ಕಡೆಗೆ ವಾಲಿಸಿ ತೆಗೆಯಬೇಕು. ಹಬೆಯ ಸುಡುತನವನ್ನು ಮಕ್ಕಳು ಊಹಿಸಿರುವುದಿಲ್ಲ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಕೂಡದು, ಒಲೆ ಆರಿಸಿ ಮುಚ್ಚಳ ಮುಚ್ಚಬೇಕು. ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಮಂಜುಗಡ್ಡೆ, ಬೆಣ್ಣೆ, ಟೂತ್‌ಪೇಸ್ಟು ಯಾವುದೂ ಬೇಡ. ಪ್ರೆಷರ್ ಕುಕ್ಕರನ್ನು ಶಾಲೆಯಲ್ಲಿ ಮಕ್ಕಳ ಕೈಗೆ ಕೊಡದಿರುವುದು ಲೇಸು. ಅದಕ್ಕೆ ಅಪಾಯ ಒಂದು ಕಾರಣ. ಒಳಗೆ ಏನು ನಡೆಯುತ್ತಿದೆಯೆಂದು ಕಾಣುವುದೇ ಇಲ್ಲ ಎಂಬುದು ನನಗೆ ಅದಕ್ಕಿಂತ ದೊಡ್ಡ ಕಾರಣ.

ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸುವುದೇ ಮೊದಲ ಅಡುಗೆಯಾಗಲಿ. ಬೇಗ ಬೇಯುವ ಬೇಳೆಯನ್ನು ಸಮನಾಗಿ ಎರಡು ಪಾತ್ರೆಗಳಿಗೆ ಹಾಕಿ, ಒಂದಕ್ಕೆ ಆರಂಭದಲ್ಲೇ ನಿಂಬೆರಸ ಹಿಂಡಿ, ಇನ್ನೊಂದಕ್ಕೆ ಹಿಂಡದೆ, ಒಂದೇ ಉರಿಯಲ್ಲಿ ಬೇಯಿಸಬೇಕು. ಐದು ನಿಮಿಷಕ್ಕೊಮ್ಮೆ ಎರಡರಿಂದಲೂ ನಾಲ್ಕು ಬೇಳೆ ತೆಗೆದು, ಆರಿಸಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಸುಕಿ ನೋಡಲಿ. ಹುಳಿ ಸೇರಿದ ಪಾತ್ರೆಯ ಬೇಳೆ ಬಹಳ ಹೊತ್ತು ಗಟ್ಟಿಯಾಗಿಯೇ ಉಳಿಯುತ್ತದೆ, ಏಕೆಂದರೆ ಜೀವಕೋಶಗಳ ಗೋಡೆಯನ್ನು ಬಿಗಿದಿರುವ ಪೆಕ್ಟಿನ್ ಹುಳಿಯಲ್ಲಿ ಸುಲಭವಾಗಿ ಕರಗುವುದಿಲ್ಲ. ಹುಳಿಯನ್ನು ಬೇಳೆ ಬೆಂದ ಮೇಲೆಯೇ ಹಾಕಬೇಕೆಂದು ಹಿಂದಿನವರು ಹೇಳುತ್ತಿದ್ದುದಕ್ಕೆ ಕಾರಣ ಇದೇ. ಮೂರನೆಯ ಪಾತ್ರೆಗೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಅದು ಎಲ್ಲಕ್ಕಿಂತ ಮೊದಲು ಮೆತ್ತಗಾಗುತ್ತದೆ, ಆದರೆ ಸೋಡಾದ ಕ್ಷಾರ ಬಿ1 ಜೀವಸತ್ವವನ್ನು ನಾಶಮಾಡುತ್ತದೆ. ಬೇಗ ಆಗುವುದಕ್ಕೆ ತೆರುವ ಬೆಲೆಯಿದು. ಅಂದ ಹಾಗೆ, ರಾಜ್ಮಾ ಕಾಳನ್ನು ಆರಿಸಿಕೊಳ್ಳುವುದಾದರೆ ಐದು ಗಂಟೆಗಳಿಗೂ ಹೆಚ್ಚು ನೆನೆಸಿ, ಆ ನೀರು ಚೆಲ್ಲಿ, ಕನಿಷ್ಠ ಹತ್ತು ನಿಮಿಷವಾದರೂ ಕೊತಕೊತ ಕುದಿಸಿದ ಮೇಲೆಯೇ ಸಣ್ಣ ಉರಿಗೆ ಇಳಿಸಬೇಕು. ಅರೆಬೆಂದ ರಾಜ್ಮಾ ಹೊಟ್ಟೆ ಕೆಡಿಸುತ್ತದೆ, ಆದ್ದರಿಂದ ರುಚಿ ನೋಡುವ ಆತುರ ಅಲ್ಲಿ ಸಲ್ಲದು.

ಉಪ್ಪನ್ನು ಅಳತೆಯಿಂದ ಹಾಕಿಸಬೇಡಿ, ಮೂರು ಸಲಕ್ಕೆ ಹಾಕಿಸಿ. ಸ್ವಲ್ಪ ಹಾಕಿ ರುಚಿ ನೋಡುವುದು, ಇನ್ನಷ್ಟು ಹಾಕಿ ನೋಡುವುದು, ಕಡೆಗೆ ನಾಲ್ಕು ಹನಿ ನಿಂಬೆರಸ ಹಿಂಡಿ ನೋಡುವುದು. ಉಪ್ಪು ಬೇಕೆನಿಸಿದ ಕಡೆ ಎಷ್ಟೋ ಸಲ ಬೇಕಿದ್ದದ್ದು ಹುಳಿ ಎಂದು ಆಗ ತಿಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ. 5 ಗ್ರಾಂ ಎಂದರೆ ಸುಮಾರು ಒಂದು ಚಹಾ ಚಮಚ. ಅದನ್ನು ಒಂದು ಸಲ ತಟ್ಟೆಯಲ್ಲಿ ಸುರಿದು ತೋರಿಸಿದರೆ ಸಾಕು. ರುಚಿ ನೋಡಲು ಪ್ರತಿ ಸಲವೂ ಬೇರೆ ಚಮಚ ಎಂಬುದನ್ನು ಮರೆಯಬಾರದು.

ಶುಚಿತ್ವದ ವಿಷಯದಲ್ಲಿ ಅದೇ ಸಂಸ್ಥೆ ಹೇಳುವ ಐದು ಸೂತ್ರಗಳು ಮಕ್ಕಳಿಗೂ ಹೇಳುವಷ್ಟು ಸರಳ: ಶುಚಿಯಾಗಿಡುವುದು, ಹಸಿಯದನ್ನೂ ಬೆಂದದ್ದನ್ನೂ ಬೇರೆಯಿಡುವುದು, ಪೂರ್ತಿ ಬೇಯಿಸುವುದು, ಸರಿಯಾದ ಉಷ್ಣತೆಯಲ್ಲಿಡುವುದು, ಶುದ್ಧ ನೀರು ಮತ್ತು ಸಾಮಗ್ರಿ ಬಳಸುವುದು. ಸರಿಯಾದ ಉಷ್ಣತೆ ಎಂದರೆ 5 ಡಿಗ್ರಿಗಿಂತ ಕೆಳಗೆ ಅಥವಾ 60 ಡಿಗ್ರಿಗಿಂತ ಮೇಲೆ. ಬೆಂದ ಅನ್ನವನ್ನು ಗಂಟೆಗಟ್ಟಲೆ ಹೊರಗಿಟ್ಟು ಆಮೇಲೆ ಬಿಸಿ ಮಾಡಿದರೆ ಸರಿಹೋಗುತ್ತದೆಂಬ ನಂಬಿಕೆ ಅನೇಕರಲ್ಲಿದೆ. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿತವನ್ನೂ ತಾಳಿಕೊಂಡು ಉಳಿದು, ಬೆಚ್ಚಗಿನ ಅನ್ನದಲ್ಲಿ ಬೆಳೆದು ಬಿಡುವ ವಿಷ ಮತ್ತೆ ಬಿಸಿ ಮಾಡುವುದರಿಂದ ಹೋಗುವುದಿಲ್ಲ.

ಪೊಟ್ಟಣದ ಹಿಂಬದಿ

ಒಂದು ತರಗತಿಯನ್ನು ಖಾಲಿ ಪೊಟ್ಟಣಗಳಿಗೆ ಮೀಸಲಿಡಿ. ಸಾಮಗ್ರಿಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರುತ್ತದೆಂದು ಹೇಳಿ, ಹಣ್ಣಿನ ಚಿತ್ರವಿರುವ ಪೊಟ್ಟಣದಲ್ಲಿ ಹಣ್ಣು ಎಷ್ಟನೆಯದೆಂದು ಹುಡುಕಿಸಿ. ಗ್ಲೂಕೋಸ್ ಸಿರಪ್, ಡೆಕ್ಸ್ಟ್ರೋಸ್, ಫ್ರಕ್ಟೋಸ್ ಎಂಬವೂ ಸಕ್ಕರೆಯ ನಂಟರೇ. 4 ಗ್ರಾಂ ಸಕ್ಕರೆಗೆ ಒಂದು ಚಮಚದ ಲೆಕ್ಕದಲ್ಲಿ, 330 ಮಿಲಿಲೀಟರಿನ ಕೋಲಾ ಡಬ್ಬಿಯಲ್ಲಿ ಸಾಮಾನ್ಯವಾಗಿ ಇರುವ 35 ಗ್ರಾಂ ಸಕ್ಕರೆಯನ್ನು ಲೋಟಕ್ಕೆ ಅಳೆದು ಹಾಕಲಿ. ಭಾಷಣ ಬೇಡ. ಯಾವ ತಿನಿಸನ್ನೂ ಪಾಪವೆಂದು ಕರೆಯುವುದು, ಯಾವ ಮಗುವಿನ ಮೈತೂಕವನ್ನೂ ಉದಾಹರಣೆಯಾಗಿ ಎತ್ತುವುದು ಖಂಡಿತ ಕೂಡದು. ಯಾರದೋ ಡಬ್ಬಿಯಲ್ಲಿ ಅದೇ ತಿನಿಸು ಇರುತ್ತದೆ, ಆ ಮಗು ಅದನ್ನು ಕೊಂಡು ತಂದದ್ದೂ ಅಲ್ಲ.

ತಿನ್ನುವುದು, ತೊಳೆಯುವುದು

ಮಾಡಿದ್ದನ್ನು ಎಲ್ಲರೂ ಕುಳಿತು ಒಟ್ಟಿಗೆ ತಿನ್ನಬೇಕು; ನಿಂತು ತಿಂದರೆ ತರಗತಿ ಚದುರುತ್ತದೆ. ತಿನ್ನಲೊಲ್ಲದ ಮಗುವನ್ನು ಬಲವಂತ ಮಾಡಬಾರದು. ಹೊಸ ಪದಾರ್ಥವೊಂದನ್ನು ಮಕ್ಕಳು ಒಪ್ಪಿಕೊಳ್ಳಲು ಎಂಟು ಹತ್ತು ಸಲ, ಕೆಲವೊಮ್ಮೆ ಹದಿನೈದು ಸಲ ಸವಿಯಬೇಕಾಗಬಹುದು. ಮೂಸಿ ನೋಡಿದರೂ, ನಾಲಿಗೆಗೆ ತಾಗಿಸಿ ಉಗಿದರೂ ಅದು ಅತ್ತ ಒಂದು ಹೆಜ್ಜೆಯೇ. ತರಕಾರಿ ತಿಂದರೆ ಸಿಹಿ ಕೊಡುವೆನೆಂಬ ಆಮಿಷ ಒಡ್ಡಿದರೆ ತರಕಾರಿ ಶಿಕ್ಷೆಯೂ ಸಿಹಿ ಬಹುಮಾನವೂ ಆಗಿಬಿಡುತ್ತದೆ. ತಾನೇ ಹೆಚ್ಚಿದ, ತಾನೇ ಕಲಕಿದ ತರಕಾರಿಯನ್ನು ಮಗು ಕುತೂಹಲಕ್ಕಾದರೂ ಬಾಯಿಗಿಟ್ಟುಕೊಳ್ಳುತ್ತದೆ ಎಂಬುದೇ ಅಡುಗೆ ಕಲಿಸುವವರಿಗಿರುವ ಅನುಕೂಲ.

ಬಡಿಸುವುದೂ ತೊಳೆಯುವುದೂ ಪಾಠದ ಭಾಗ. ಆಹಾರ ಶಿಕ್ಷಣಕ್ಕೆಂದೇ 2005ರಲ್ಲಿ ಕಾನೂನು ಮಾಡಿದ ಜಪಾನಿನಲ್ಲಿ, ಮಕ್ಕಳು ಸರದಿಯ ಮೇಲೆ ಬಿಳಿ ಅಂಗಿ, ಟೊಪ್ಪಿಗೆ ತೊಟ್ಟು ಸಹಪಾಠಿಗಳಿಗೆ ಬಡಿಸಿ, ಊಟದ ಬಳಿಕ ತಾವೇ ಸ್ವಚ್ಛ ಮಾಡುತ್ತಾರೆ. ಇಂಗ್ಲೆಂಡಿನಲ್ಲಿ 2014ರ ಸೆಪ್ಟೆಂಬರಿನಿಂದ ರಾಷ್ಟ್ರೀಯ ಪಠ್ಯಕ್ರಮ ಅನುಸರಿಸುವ ಶಾಲೆಗಳಲ್ಲಿ 14 ವರ್ಷದವರೆಗೆ ಅಡುಗೆ ಕಡ್ಡಾಯವಾಯಿತು. ಕಾನೂನು, ಕಡ್ಡಾಯ ಯಾವುದೂ ಇಲ್ಲದ ಕಡೆಯೂ ಒಂದು ಬಕೆಟ್ ನೀರು ಮತ್ತು ಸರದಿಯ ಪಟ್ಟಿ ಇದ್ದರೆ ಈ ಭಾಗ ನಡೆಯುತ್ತದೆ. ತೊಳೆಯುವ ಮುನ್ನ ತಟ್ಟೆಗಳಲ್ಲಿ ಉಳಿದದ್ದನ್ನು ಒಂದೇ ಪಾತ್ರೆಗೆ ಹಾಕಿ ತೂಕ ಮಾಡಿ, ದಿನಾಂಕದೊಂದಿಗೆ ಗೋಡೆಯ ಮೇಲೆ ಬರೆಯಿರಿ.

ಅಂಕ ಕೊಡಲೇಬೇಕಾದ ಸಂದರ್ಭದಲ್ಲಿ ತಿನಿಸಿನ ರುಚಿಗೆ ಅಂಕ ಕೊಡಬೇಡಿ. ಕಡೆಯ ತರಗತಿಯಲ್ಲಿ ಪ್ರತಿ ಗುಂಪಿಗೂ ತಾವು ಮೂರು ಸಲ ಮಾಡಿದ ಅಡುಗೆಯನ್ನೇ ಕೊಟ್ಟು, ಅದರ ಒಂದು ಸಾಮಗ್ರಿಯನ್ನು ಮಾತ್ರ ಕಿತ್ತುಕೊಳ್ಳಿ: ಒಬ್ಬರಿಗೆ ನಿಂಬೆ ಇಲ್ಲ, ಇನ್ನೊಬ್ಬರಿಗೆ ಈರುಳ್ಳಿ ಇಲ್ಲ. ಅದರ ಬದಲಿಗೆ ನಕ್ಷೆಯ ಪಕ್ಕದ ತಿಂಗಳುಗಳ ಚಕ್ರದಲ್ಲಿ ಆ ತಿಂಗಳ ಮನೆಯಲ್ಲಿರುವುದನ್ನು ಬಳಸಿಕೊಳ್ಳಬೇಕು, ಯಾವುದನ್ನು ಏಕೆ ಆರಿಸಿದರೆಂದು ಹೇಳಬೇಕು. ಆ ಒಂದು ಗಂಟೆ ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತುಬಿಡಿ. ಬೆಂಕಿಗೆ ಸಂಬಂಧಿಸಿದ್ದನ್ನು ಬಿಟ್ಟು ಉಳಿದ ಪ್ರಶ್ನೆಗೆಲ್ಲ ನಿಮ್ಮ ಉತ್ತರ ಒಂದೇ ಇರಲಿ: ರುಚಿ ನೋಡಿ ಹೇಳಿ.